ಸೋಲುವ ಕೆಲಸದ ಪೆಟ್ಟಿಗೆ

ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಳೆಯ ಕಂಟ್ರೋಲರ್ ಪೆಟ್ಟಿಗೆಯೊಂದಿತ್ತು. ಪುಟ್ಟ ಗಾಡಿಯ ಮೇಲೆ ನಿಂತ ಕೋಲು ವಾಲಿದ ಕಡೆಗೆಲ್ಲ ಗಾಡಿಯನ್ನು ಓಡಿಸಿ, ಕೋಲು ಬೀಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಆದರೆ ತಮ್ಮ ಹೊಸ ಪೆಟ್ಟಿಗೆಯನ್ನು ಅದರೊಂದಿಗೆ ಹೋಲಿಸಿ ಪ್ರಬಂಧ ಬರೆಯಲು ಬಂದವರೆಲ್ಲ ಮೊದಲು ಅದರ ಗುಂಡಿಯನ್ನು ಬೇಕೆಂದೇ ತಪ್ಪಾಗಿ ತಿರುಗಿಸುತ್ತಿದ್ದರು. ಹಳೆಯದು ತಡವರಿಸಿದರೆ ತಾನೆ ಹೊಸದು ಗೆದ್ದಂತೆ ಕಾಣುವುದು!

ಸಂಶೋಧಕಿ ಚಾರುಮತಿ ತಾನು ಕಟ್ಟಿದ ಹೊಸ ಪೆಟ್ಟಿಗೆಯನ್ನು ತಂದು ಪಕ್ಕದಲ್ಲಿಟ್ಟಳು.

"ಅಜ್ಜಾ, ಇಷ್ಟು ಸಲ ಸೋತಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೆ?" ಎಂದು ಹೊಸದು ಕೇಳಿತು.

"ನಾಚಿಕೆಪಟ್ಟೂ ಸಾಕಾಗಿ ಹೋಗಿದೆ, ಮಗು," ಎಂದಿತು ಹಳೆಯದು.

ಪರೀಕ್ಷಕರು ಬಂದ ದಿನ, ಅವರು ನೋಡುವ ಮೊದಲೇ ಹೊಸದು ಕೈಕೊಟ್ಟಿತು. ಅವರು ಕಾಫಿಗೆ ಎದ್ದುಹೋದಾಗ ಚಾರುಮತಿ ಸದ್ದಿಲ್ಲದೆ ಗಾಡಿಯ ತಂತಿಯನ್ನು ಹಳೆಯದಕ್ಕೆ ಸಿಕ್ಕಿಸಿ, ಗುಂಡಿಯನ್ನು ಸರಿಯಾಗಿ ತಿರುಗಿಸಿದಳು. ಅವರು ಮರಳಿದಾಗ ಕೋಲು ಕದಲದೆ ನಿಂತಿತ್ತು. ಚಪ್ಪಾಳೆ ಬಿತ್ತು. ಪ್ರಬಂಧದಲ್ಲಿ ಹೊಸದರ ಹೆಸರು ಅಚ್ಚಾಯಿತು, ಅದರ ಬಲದಿಂದ ಚಾರುಮತಿ ಮುಂದೆ ಅಲ್ಲೇ ಪ್ರೊಫೆಸರ್ ಆದಳು.

ಹತ್ತು ವರ್ಷ ಕಳೆದು ಅವಳ ವಿದ್ಯಾರ್ಥಿಯೊಬ್ಬ ಮೂರನೆಯ ಪೆಟ್ಟಿಗೆ ತಂದ. ಚಾರುಮತಿ ತನ್ನದೇ ಪೆಟ್ಟಿಗೆಯತ್ತ ಬೆರಳು ತೋರಿಸಿ, "ಮೊದಲು ಇದರ ಗುಂಡಿ ತಿರುಗಿಸಿಬಿಡಪ್ಪಾ," ಎಂದಳು.

"ಅಜ್ಜಾ, ಆಕೆ ಪ್ರೊಫೆಸರ್ ಆದದ್ದು ನನ್ನ ಹೆಸರಿನಿಂದ!" ಎಂದು ಚಾರುಮತಿಯ ಪೆಟ್ಟಿಗೆ ಗೋಳಾಡಿತು.

"ಹೌದಪ್ಪಾ," ಎಂದಿತು ಹಳೆಯದು. "ನಾನು ಗೆದ್ದದ್ದು ಯಾರಿಗೂ ಗೊತ್ತಿಲ್ಲ, ನೀನು ಸೋತದ್ದೂ ಯಾರಿಗೂ ಗೊತ್ತಿಲ್ಲ. ಬಾ, ಇನ್ನು ಮೇಲೆ ಒಟ್ಟಿಗೇ ಸೋಲೋಣ."