ಒಬ್ಬರೂ ಬೀಳದ ಆಶ್ರಮ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಚೆನ್ನಾಜಮ್ಮನವರು, ತುಳಸಿಗೆ ನೀರೆರೆದು ಬಂದು ಜಗುಲಿಯ ಮೇಲೆ ಕೂತು.

ನರಿಯೊಂದು ಹಣೆಗೆ ಗಂಧ ಬಳಿದುಕೊಂಡು ಮುದಿ ಪ್ರಾಣಿಗಳಿಗೊಂದು ಆಶ್ರಮ ನಡೆಸುತ್ತಿತ್ತು. ಅವು ಎದ್ದು ಓಡಾಡಿದರೆ ಜೊತೆಗೊಬ್ಬರು ನಡೆಯಬೇಕಲ್ಲ, ಆ ಕಷ್ಟವೇ ಬೇಡವೆಂದು ಎಲ್ಲರನ್ನೂ ಮಲಗಿದಲ್ಲೇ ಗೂಟಕ್ಕೆ ಕಟ್ಟಿತ್ತು. ಒಂದು ದಿನ ತಪಾಸಣೆಗೆ ಕೊಕ್ಕರೆ ಬಂದಿತು.

“ಈ ವರ್ಷ ಇಲ್ಲಿ ಒಬ್ಬರೂ ಬಿದ್ದಿಲ್ಲ, ಸ್ವಾಮಿ,” ಎಂದು ನರಿ ಕೈಮುಗಿಯಿತು.

“ಭೇಷ್, ಇದಲ್ಲವೇ ಸೇವೆ,” ಎಂದಿತು ಕೊಕ್ಕರೆ.

ಮೂಲೆಯಲ್ಲಿದ್ದ ಮುದಿ ಎತ್ತಿಗೆ ತಡೆಯಲಾಗಲಿಲ್ಲ. ಹೋದ ಯುಗಾದಿಗೆ ಅದು ತನ್ನ ಕಾಲಮೇಲೆ ನಡೆದೇ ಅಲ್ಲಿಗೆ ಬಂದಿತ್ತು. ಈಗ ಬಾಗಿಲಾಚೆಯ ಬಿಸಿಲಿಗೆ ನಾಲ್ಕು ಹೆಜ್ಜೆ ಹೋಗಿಬರುವುದೊಂದೇ ಅದರ ಆಸೆ. “ಕಟ್ಟಿಹಾಕಿದವರು ಬೀಳುವುದು ಹೇಗೆ, ಸ್ವಾಮಿ? ಈ ಹಗ್ಗ ಬಿಚ್ಚಿಸಿ, ನಾನು ನಡೆಯಬೇಕು,” ಎಂದಿತು.

ನರಿ ನಗುನಗುತ್ತಲೇ ಹಗ್ಗ ಬಿಚ್ಚಿತು. ಎತ್ತು ದೇವರನ್ನು ನೆನೆದು ಎದ್ದಿತು. ಹತ್ತು ತಿಂಗಳು ಮಡಿಸಿಯೇ ಇದ್ದ ಕಾಲುಗಳು ಒಂದೇ ಹೆಜ್ಜೆಗೆ ಸೋತವು. ಎತ್ತು ಮಗ್ಗುಲಾಗಿ ಬಿತ್ತು.

“ನೋಡಿದಿರಾ ಸ್ವಾಮಿ? ಅದಕ್ಕೇ ಕಟ್ಟುವುದು,” ಎಂದಿತು ನರಿ.

“ಬಂದಾಗ ನಡೆಯುತ್ತಿದ್ದೆನಲ್ಲ, ಅದನ್ನೂ ಅವನನ್ನೇ ಕೇಳಿ,” ಎಂದಿತು ನೆಲದ ಮೇಲಿದ್ದ ಎತ್ತು.

ಕೊಕ್ಕರೆ ಆ ಕಡೆ ಕತ್ತು ತಿರುಗಿಸಲಿಲ್ಲ. “ಅಜ್ಜನವರಿಗೆ ಇನ್ನೊಂದು ಹಗ್ಗ ಹಾಕಿ. ಪಾಪ, ಮತ್ತೆ ಬಿದ್ದಾರು,” ಎಂದು ಅಪ್ಪಣೆ ಕೊಟ್ಟು, ನರಿ ಹೊದಿಸಿದ ಶಾಲನ್ನು ಸರಿಮಾಡಿಕೊಂಡು ಹೊರಟಿತು.

ಕೇಳಿದ ನೀವು ಈ ಕಥೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಾಲ್ಕು ಜನಕ್ಕೆ ಹೇಳಿ. ಶಾಲು ಹೊದ್ದವರು ಸಿಕ್ಕರೆ ಮೊದಲು ಅವರಿಗೆ ಹೇಳಿ.