ನೆರಳು ಅಳೆಯದ ದಿನ

“ಗುರುಗಳೇ, ಈ ಗ್ರಂಥದಲ್ಲಿ ಒಂದು ದಿನದ ಅಂಕಿ ಬಿಟ್ಟುಹೋಗಿದೆ. ಹಿಂದಿನ ದಿನದ್ದೂ ಮರುದಿನದ್ದೂ ನೋಡಿ ನಾನೇ ತುಂಬಿಬಿಡಲೇ?” ಎಂದು ಶಿಷ್ಯ ಕೇಳಿದ. ಅವನು ಹಳೆಯ ಗಣಿತಜ್ಞನೊಬ್ಬನ ಓಲೆಗರಿಗಳನ್ನು ನಕಲು ಮಾಡುತ್ತಿದ್ದ.

ಗುರುಗಳು ಹೇಳಿದರು: “ನಿನ್ನ ಕೈ ಬಲು ಚುರುಕು. ಮೊದಲು ಬರೆಯುವ ಕಂಟ ಕೆಳಗಿಡು, ಕತೆ ಕೇಳು.

“ಆ ಗಣಿತಜ್ಞ ಮನೆಯ ಅಂಗಳದಲ್ಲಿ ಒಂದು ಕೋಲು ನೆಟ್ಟಿದ್ದ. ದಿನವೂ ನಡುಮಧ್ಯಾಹ್ನ ಅದರ ನೆರಳನ್ನು ಅಳೆದು ಬರೆಯುತ್ತಿದ್ದ. ನೆರಳು ಅತಿ ಉದ್ದವಾಗುವ ದಿನ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ. ಹನ್ನೆರಡು ವರ್ಷ ಆ ದಿನವನ್ನು ತಪ್ಪದೆ ಹಿಡಿದರೆ ವರ್ಷದ ನಿಜವಾದ ಉದ್ದ ಸಿಗುತ್ತದೆ ಎಂಬುದು ಅವನ ಎಣಿಕೆ. ಕಣ್ಣಾರೆ ಕಾಣದ ಅಂಕಿಯನ್ನು ಬರೆಯಬಾರದು ಎಂಬುದು ಅವನ ಹಟ. ಹೆಂಡತಿ ಬಡಿಸಿದ ಅನ್ನ ದಿನವೂ ಆರಿಹೋಗುತ್ತಿತ್ತು. ಪಾಪ, ಅವಳು ಕರೆದು ಕರೆದು ಸುಮ್ಮನಾಗಿದ್ದಳು.

“ಹನ್ನೊಂದು ವರ್ಷ ಕಳೆಯಿತು. ಹನ್ನೆರಡನೆಯ ವರ್ಷ ಅವಳು ಹಾಸಿಗೆ ಹಿಡಿದಳು. ಸೂರ್ಯ ತಿರುಗುವ ದಿನ ಬಂದಾಗ, ನೋವಿನಿಂದ ಅವಳಿಗೆ ಮೂರು ದಿನದಿಂದ ನಿದ್ದೆಯೇ ಇರಲಿಲ್ಲ. ಚಳಿ ಎಂದಳು. ಅವನು ಮಂಚವನ್ನು ಅಂಗಳದ ಬಿಸಿಲಿಗೆ ತಂದು ಹಾಕಿದ. ಮೈ ಬೆಚ್ಚಗಾದೊಡನೆ ಅವಳಿಗೆ ನಿದ್ದೆ ಬಂತು. ನಡುಮಧ್ಯಾಹ್ನ ಕೋಲಿನ ನೆರಳು ಅವಳ ಹೊದಿಕೆಯ ಮೇಲೆ ಬಿತ್ತು. ಅಳೆಯಬೇಕಾದರೆ ಮಂಚ ಸರಿಸಬೇಕು. ಸರಿಸಿದರೆ ಅವಳು ಏಳುತ್ತಾಳೆ. ಅವನಿಗೂ ವಯಸ್ಸಾಗಿತ್ತು. ಇನ್ನೊಂದು ಹನ್ನೆರಡು ವರ್ಷ ಎಲ್ಲಿಂದ ತರುವುದು? ಅಳತೆಯ ದಾರ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ಸುತ್ತಿಟ್ಟು ಅವಳ ಪಕ್ಕದಲ್ಲಿ ಕುಳಿತ.

“ಹೊತ್ತು ಇಳಿದ ಮೇಲೆ ಅವಳು ಎಚ್ಚರಗೊಂಡು ಗಾಬರಿಯಾದಳು. ‘ಅಯ್ಯೋ, ನೆರಳು ಅಳೆದಿರಾ?’

“‘ಇಲ್ಲ. ನೀನು ಮಲಗಿದ್ದೆ.’

“‘ಇಷ್ಟು ವರ್ಷ ನಾನು ಬಡಿಸಿದ ಅನ್ನ ಆರಲು ಬಿಟ್ಟವರು, ಇವತ್ತು ಇದೇನು ಮಾಡಿದಿರಿ!’ ಎಂದು ಅವಳು ನಕ್ಕಳು. ಅವನಿಗೆ ಅಳು ಬಂತು. ಅದೇ ವಾರ ಅವಳು ತೀರಿಕೊಂಡಳು.”

ಶಿಷ್ಯನ ಮನಸ್ಸು ಕರಗಿತು. ಆದರೂ ಅವನು ಬಿಡಲಿಲ್ಲ. “ಆ ಅಂಕಿಯನ್ನು ಆಮೇಲೆ ಲೆಕ್ಕ ಹಾಕಿ ಬರೆಯಬಹುದಿತ್ತಲ್ಲ? ನನಗೇ ಬರುತ್ತದೆ, ಅವನಿಗೆ ಬರುತ್ತಿರಲಿಲ್ಲವೇ?”

ಗುರುಗಳು ಗರಿಯ ಮೇಲಿನ ಆ ಖಾಲಿ ಜಾಗವನ್ನು ಮೆಲ್ಲಗೆ ಸವರಿದರು.

“ಬರುತ್ತಿತ್ತು, ಮಗು, ಆದರೆ ಇಷ್ಟು ದೊಡ್ಡ ಗ್ರಂಥದಲ್ಲಿ ಅವಳಿಗೆಂದು ಇರುವುದು ಇದೊಂದೇ ಜಾಗ.”