ಬಗ್ಗಲ್ಲ ಅಂದ ಕಮಾನುಪಟ್ಟಿ

ಬನ್ನಿ ಮಕ್ಕಳೇ, ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತು ಕೇಳಿ.

ತಿರಕಪ್ಪನ ಪಿಕಪ್ ಗಾಡಿ ಕುಂಬಾರ ಗೌರಮ್ಮನ ಮಡಕೆಗಳನ್ನು ಸಂತೆಗೆ ಹೊರುತ್ತಿತ್ತು. ಹೇರು ತುಂಬಿದರೆ ಗಾಡಿಯ ಹಿಂಭಾಗ ತಗ್ಗುತ್ತಿತ್ತು. "ನಿನ್ನ ಗಾಡಿ ಬಸುರಿ ಎಮ್ಮೆ ಹಾಗೆ ಕೂತಿದೆಯಲ್ಲೋ" ಅಂತ ಯಾರೋ ನಕ್ಕರು. ತಿರಕಪ್ಪನಿಗೆ ನಾಚಿಕೆಯಾಗಿ, ಹಿಂದಿನ ಚಕ್ರದ ಮೇಲೆ ಹೇರಿನ ಭಾರ ಹೊರುವ, ಬಿಲ್ಲಿನಂಥ ಉಕ್ಕಿನ ಕಮಾನುಪಟ್ಟಿಗಳ ಜೊತೆಗೆ ಲಾರಿಯದೊಂದು ದಪ್ಪ ಪಟ್ಟಿ ಸೇರಿಸಿದ. ಗಾಡಿ ಸೆಟೆದು ನಿಂತಿತು.

"ನಾನು ಯಾರಿಗೂ ಬಗ್ಗುವವನಲ್ಲ" ಎಂದಿತು ದಪ್ಪ ಪಟ್ಟಿ.

"ಬಗ್ಗೋದಕ್ಕೇ ನಮ್ಮನ್ನು ಇಲ್ಲಿ ಕಟ್ಟಿರೋದು ಕಣಪ್ಪ" ಎಂದವು ಹಳೆಯ ಪಟ್ಟಿಗಳು.

"ಅದು ನಿಮ್ಮಂಥ ಮುದುಕರ ಮಾತು."

ಅಷ್ಟರಲ್ಲಿ ದಾರಿಯಲ್ಲಿ ಗುಂಡಿ ಬಂತು. ದಪ್ಪ ಪಟ್ಟಿ ಬಗ್ಗಲಿಲ್ಲ. ಪೆಟ್ಟು ನೇರ ಮೇಲೆ ಹೋಗಿ ಮಡಕೆಗಳಿಗೆ ಬಿತ್ತು.

"ಅಣ್ಣಾ, ಗುಂಡಿ ಇದ್ದದ್ದು ನಿನ್ನ ಕಾಲ ಕೆಳಗೆ, ಒಡೆದದ್ದು ನಮ್ಮ ತಲೆ" ಎಂದವು ಮಡಕೆಗಳು.

"ನನಗೇನೂ ಆಗಲಿಲ್ಲವಲ್ಲ. ನನ್ನ ಹಾಗೆ ಗಟ್ಟಿ ಇರಬೇಕು."

ಗೌರಮ್ಮ ಚೂರುಗಳನ್ನು ನೋಡಿ, "ತಿರಕಪ್ಪ, ಮುಂದಿನ ಸಂತೆಗೆ ಬೇರೆ ಗಾಡಿ ನೋಡ್ಕೋತೀನಿ" ಅಂದಳು. ಅವನು ಅವತ್ತೇ ದಪ್ಪ ಪಟ್ಟಿ ಬಿಚ್ಚಿಸಿದ, ಹಳೆಯವಕ್ಕೆ ಗ್ರೀಸು ಹಚ್ಚಿಸಿದ, ಹೇರಿನ ನಡುವೆ ಒಂದು ಮಡಕೆಗೆ ನೀರು ತುಂಬಿಟ್ಟು ಅವಳ ಕಣ್ಣೆದುರೇ ಗುಂಡಿ ದಾಟಿಸಿದ. ನೀರು ತುಳುಕಲಿಲ್ಲ.

ಗೌರಮ್ಮ ಈಗಲೂ ಅದೇ ಗಾಡಿಯಲ್ಲಿ ಸಂತೆಗೆ ಹೋಗ್ತಾಳೆ. ಗಾಡಿ ಬಸುರಿ ಎಮ್ಮೆ ಹಾಗೇ ಕೂರುತ್ತೆ, ತಿರಕಪ್ಪ ನಗೋರ ಜೊತೆ ತಾನೂ ನಗ್ತಾನೆ. ಹಳೆಯ ಪಟ್ಟಿಗಳು ಗುಂಡಿಗುಂಡಿಗೂ ನಮಸ್ಕಾರ ಮಾಡ್ಕೊಂಡು ಸಾಗ್ತವೆ. ದಪ್ಪ ಪಟ್ಟಿಯನ್ನು ಕಮ್ಮಾರ ಕೆಂಪಗೆ ಕಾಯಿಸಿ, ಬಡಿದು ಕುಡುಗೋಲು ಮಾಡಿದ. ಗೌರಮ್ಮನ ಸೂರಿನಲ್ಲಿ ಡೊಂಕಾಗಿ ನೇತಾಡುತ್ತಾ, "ನಾನು ಯಾರಿಗೂ ಬಗ್ಗುವವನಲ್ಲ" ಅಂತ ಅದು ಇವತ್ತಿಗೂ ಹೇಳುತ್ತಂತೆ.